ಗಿಯರ್‌ಗೆ ಸುತ್ತಿದ ಹುರುಳಿ

ಹಗಲು ಹನ್ನೆರಡು ಗಂಟೆ. ನನ್ನ ಕತ್ತಿನ ಮೇಲೆ ಕುಡುಗೋಲು.

ಹಿಡಿದವನು ವೃಷಭೇಂದ್ರಪ್ಪ. ಬಿಳಿ ಶರ್ಟು, ಜೇಬಿನಲ್ಲಿ ಎರಡು ಫೋನು. ಕೊಳ್ಳೇಗಾಲ-ಹನೂರು ರಸ್ತೆಯ ಪಕ್ಕದ ಆ ಹೊಲ ಅವನದು. ಹೊಲದ ನಡುವಿನ ಪಂಪ್‌ಹೌಸ್ ಅವನದು. ಬಾಗಿಲಿನ ಬೀಗವೂ ಅವನದೇ.

"ಯಾರಮ್ಮಿ ನೀನು? ಪೊಲೀಸಾ?"

"ಅಲ್ಲ."

"ಪೇಪರ್ನೋಳಾ?"

"ಮೊದಲು ಆಗಿದ್ದೆ."

"ಈಗ?"

"ಸೈಕಲ್ ಕಾಯೋಳು."

ನಕ್ಕ. ಕುಡುಗೋಲು ಮಾತ್ರ ಅಲುಗಲಿಲ್ಲ...

ಅಲ್ಲಿಗೆ ಹೇಗೆ ಬಂದೆ, ಕೇಳಿ.

ನಾನು ಪದ್ಮಿನಿ. ಧನಗೆರೆಯವಳು. ಮಂಗಳೂರಿನ ಕಡಲ ದಂಡೆಯಿಂದ ನಮ್ಮ ಬೆಟ್ಟದ ಹಳ್ಳಿಗಳವರೆಗೆ ಸೈಕಲ್ ಟೂರ್ ನಡೆಸುವ ಕಂಪನಿಯೊಂದಿದೆ. ಕಡಲು, ಕಾಡು, ಯಳಂದೂರಿನ ಗದ್ದೆ, ಕುಂತೂರಿನ ಕಬ್ಬಿನ ಟ್ರ್ಯಾಕ್ಟರುಗಳು, ಕೊಳ್ಳೇಗಾಲ, ಹನೂರು, ಕೊನೆಗೆ ಗೋಪಿನಾಥಂ. 'ಪ್ರಶಾಂತ ಹಳ್ಳಿಗಳು' ಎಂದು ಬ್ರೋಶರ್‌ನಲ್ಲಿದೆ. ಸೈಕಲ್ಲುಗಳೆಲ್ಲ ಹೋದ ಮೇಲೆ ಕಟ್ಟಕಡೆಗೆ ಬೈಕಿನಲ್ಲಿ ಬರುವವಳು ನಾನು. ಬಿದ್ದವರನ್ನು ಎತ್ತುವುದು ನನ್ನ ಕೆಲಸ.

ಆ ಬೆಳಗ್ಗೆ ಕೊಳ್ಳೇಗಾಲದಲ್ಲಿ ಒಬ್ಬರ ಟೈರು ಒಡೆಯಿತು. ನಾನು ನಿಂತೆ. ಮೈಸೂರಿನ ಶಾಲಾ ಟೀಚರ್ ಭವ್ಯ ಒಬ್ಬಳೇ ಮುಂದೆ ಹೋದಳು.

ಹನೂರು ತಲುಪಲಿಲ್ಲ!

ಹತ್ತರ ಹೊತ್ತಿಗೆ ಅವಳ ಸೈಕಲ್ ಸಿಕ್ಕಿತು. ಹನೂರು ದಾಟಿ, ಬೆಟ್ಟದ ರಸ್ತೆಯ ತಿರುವಿನಲ್ಲಿ, ಕಮರಿಯೊಳಗೆ. ಭವ್ಯ ಸಿಗಲಿಲ್ಲ. ಪೊಲೀಸರು ಹಗ್ಗ ಇಳಿಬಿಟ್ಟರು. ಯಾರೋ ಚಿರತೆ ಎಂದರು. ಇನ್ಯಾರೋ ಆಗಲೇ 'ಪಾಪ' ಎಂದರು.

ಪೊಲೀಸರು ಮೇಲೆ ತಂದಿಟ್ಟಿದ್ದ ಸೈಕಲ್ಲನ್ನು ನಾನು ನೋಡಿದೆ.

ಹ್ಯಾಂಡಲ್ ತೊಳೆದಿತ್ತು. ಒಣಗಿದ ಕಮರಿಯಲ್ಲಿ ತೊಳೆದ ಹ್ಯಾಂಡಲ್! ಹಿಂದಿನ ಗಿಯರ್‌ಗೆ ಹುರುಳಿ ಕಡ್ಡಿ ಸುತ್ತಿಕೊಂಡಿತ್ತು. ಹಗ್ಗ ಹೊಸೆದ ಹಾಗೆ.

ನಮ್ಮ ಕಡೆ ಹುರುಳಿಗೆ ಉಳ್ಳಿ ಅಂತಾರೆ. ಈಗ ಅದನ್ನು ಒಕ್ಕಲು ಕಣ ಮಾಡುವವರು ಕಡಿಮೆ. ಕಿತ್ತ ಗಿಡವನ್ನು ಡಾಂಬರಿಗೆ ಹರಡುತ್ತಾರೆ. ಬಸ್ಸು, ಲಾರಿ ತುಳಿದು ಕಾಳು ಬಿಡಿಸುತ್ತವೆ. ಎರಡು ಚಕ್ರದವರು ಜಾರಿ ಬೀಳುತ್ತಾರೆ. ಕಾರಿನ ಅಡಿಗೆ ಹುಲ್ಲು ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಹೊತ್ತಿ ಉರಿದದ್ದೂ ಉಂಟು.

ಆದರೆ ಆ ಬೆಟ್ಟದ ತಿರುವಿನಲ್ಲಿ ಹುರುಳಿ ಎಲ್ಲಿಂದ ಬರಬೇಕು? ಭವ್ಯ ಬಿದ್ದದ್ದು ಕೆಳಗೆ, ಬಯಲಿನಲ್ಲಿ. ಬೆಟ್ಟ ಹತ್ತಿದ್ದು ಸೈಕಲ್ ಮಾತ್ರ!

ಎಸ್‌ಐಗೆ ಹೇಳಿದೆ.

"ಹುಲ್ಲಾ ಮೇಡಂ?" ಎಂದರು.

ಬೈಕ್ ತಿರುಗಿಸಿದೆ. ಆ ದಾರಿಯಲ್ಲಿ ಅಂದು ಹುರುಳಿ ಹಾಸಿದ್ದದ್ದು ಒಂದೇ ಕಡೆ. ಕವೆಗೋಲಿನಿಂದ ಗಿಡ ತಿರುವಿ ಹಾಕುತ್ತಿದ್ದವನು ವೃಷಭೇಂದ್ರಪ್ಪನ ಪಿಕಪ್ ಡ್ರೈವರ್ ಮಾದೇಶ್. ಭವ್ಯಳ ಹೆಸರು ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಪಂಪ್‌ಹೌಸ್ ಕಡೆ ನೋಡಿದ. ಹೆಲ್ಮೆಟ್ ಕೈಯಲ್ಲಿ ಹಿಡಿದು ಅತ್ತ ನಡೆದೆ. ಅವನೂ ಹಿಂದೆಯೇ ಬಂದ.

ಬಾಗಿಲ ಬಳಿ ಕುಡುಗೋಲು ಕಾದಿತ್ತು.

"ಅವ್ಳು ಸತ್ತೋದ್ಲು ಕಣಮ್ಮಿ," ಎಂದ ವೃಷಭೇಂದ್ರಪ್ಪ. "ನಾವೇನ್ ಮುಟ್ಲಿಲ್ಲ. ಅವ್ಳೇ ಜಾರುದ್ಲು. ರೋಡ್ ಮ್ಯಾಲೆ ಉಳ್ಳಿ ಆಕಿ ಕೊಂದ ಅಂತ ಕೇಸಾದ್ರೆ, ನಾಳೆ ನಾನು ಊರ್‌ನಾಗೆ ತಲೆ ಎತ್ಕಂಡು ತಿರ್‌ಗಾದಾ?"

"ಸೈಕಲ್ ಎಸೆದಿರಿ. ಅವಳನ್ನ ಯಾಕೆ ಎಸೀಲಿಲ್ಲ?"

ಉತ್ತರ ಕೊಟ್ಟವನು ಮಾದೇಶ್.

"ಕತ್ಲಾಗ್ಲಿ ಅಂದ್ರು ಅಕ್ಕಾ... ಸತ್ತಿಲ್ಲ ಕಣಕ್ಕಾ! ಉಸ್ರಾಡ್ತಾವ್ಳೆ!"

"ಮುಚ್ಲಾ ಬಾಯ!"

ವೃಷಭೇಂದ್ರಪ್ಪ ಅವನತ್ತ ತಿರುಗಿದ. ನನಗೆ ಅಷ್ಟು ಸಾಕಾಯಿತು.

ಹೆಲ್ಮೆಟ್ ಬೀಸಿದೆ. ಮೂಗಿಗೆ ಬಿತ್ತು. ಕುಡುಗೋಲು ನನ್ನ ಕಿವಿಯ ಅಂಚು ಕೊಯ್ದುಕೊಂಡು ನೆಲಕ್ಕೆ ಬಿತ್ತು. ಎತ್ತಿ ಪಕ್ಕದ ಕಬ್ಬಿನ ಹೊಲದೊಳಗೆ ಎಸೆದೆ. ಅವನು ಮೂಗು ಹಿಡಿದುಕೊಂಡು ರಸ್ತೆ ಬದಿಯ ತನ್ನ ಕಾರಿನ ಕಡೆ ಓಡಿದ. ಮಾದೇಶ್ ಕಲ್ಲಿನಿಂದ ಬೀಗ ಒಡೆದ.

ಒಳಗೆ ಗೋಣಿಚೀಲದ ಮೇಲೆ ಭವ್ಯ. ಮುಖದ ಎಡಭಾಗದಲ್ಲಿ ರಕ್ತ ಒಣಗಿ ಕಪ್ಪಾಗಿತ್ತು.

ತುಟಿ ಅಲುಗಿತು.

"ನೀರು..."

ಪಿಕಪ್‌ಗೆ ಹೊತ್ತು ತಂದೆವು. ಮಾದೇಶ್ ಸ್ಟಿಯರಿಂಗ್ ಹಿಡಿದ. ನಾನು ಅವಳ ತಲೆ ಹಿಡಿದುಕೊಂಡೆ.

"ಕೊಳ್ಳೇಗಾಲಕ್ಕೆ! ಬೇಗ!"

"ಕಾರು ಅಕ್ಕಾ! ಬಂದ್ರು!"

ವೃಷಭೇಂದ್ರಪ್ಪ ಹಿಂದಿನಿಂದ ಗುದ್ದಿದ. ಭವ್ಯ ನರಳಿದಳು. ಮತ್ತೆ ಗುದ್ದಿದ!

ಮುಂದೆ ರಸ್ತೆಯ ಅಗಲಕ್ಕೂ ಹುರುಳಿ, ಮೊಣಕಾಲೆತ್ತರ.

"ಹೊಲಕ್ಕೆ ಇಳಿಸು!"

"ಬದ ಅದೆ ಅಕ್ಕಾ!"

"ಇಳಿಸ್ಲಾ!"

ಬದು ಹಾರಿದೆವು. ನನ್ನ ತಲೆ ಟಾಪಿಗೆ ಬಡಿಯಿತು. ಅವಳ ತಲೆ ಬಿಡಲಿಲ್ಲ.

ವೃಷಭೇಂದ್ರಪ್ಪ ನೇರ ನುಗ್ಗಿದ. ಎಷ್ಟೋ ಸುಗ್ಗಿಯಿಂದ ಬೇರೆಯವರ ಗಾಡಿಗಳಿಗೆ ಹಾಸಿದವನು... ಸ್ವತಃ ಅದರ ಮೇಲೆ ಕಾರು ಓಡಿಸಿರಲಿಲ್ಲ. ಕಾರು ನಡುವೆ ಹೂತಿತು. ಆಕ್ಸಲರೇಟರ್ ಒತ್ತಿಯೇ ಒತ್ತಿದ. ಮೊದಲು ಹೊಗೆ. ಆಮೇಲೆ ಬೆಂಕಿ!

ಬಾಗಿಲು ತೆಗೆದು ಉರುಳಿಕೊಂಡು ಹೊರಬಂದ. ಕೈ ಸುಟ್ಟಿತ್ತು. ಕಾರು ಉರಿಯುತ್ತಿತ್ತು. ಅವನು ಕೂಗುತ್ತಿದ್ದದ್ದು ಬೇರೆ.

"ನನ್ ಉಳ್ಳಿ! ಅಯ್ಯೋ ನನ್ ಉಳ್ಳಿ!"

ನಾವು ನಿಲ್ಲಿಸಲಿಲ್ಲ.

ಕೊಳ್ಳೇಗಾಲದಲ್ಲಿ ಹೊಲಿಗೆ ಹಾಕಿ ಮೈಸೂರಿಗೆ ಕಳಿಸಿದರು. ಭವ್ಯ ಬದುಕಿದಳು. ಎಡಗಣ್ಣು ಉಳಿಯಲಿಲ್ಲ. "ಬಿದ್ದ ತಕ್ಷಣ ತಂದಿದ್ದರೆ..." ಎಂದರು ಡಾಕ್ಟರ್.

ವೃಷಭೇಂದ್ರಪ್ಪ ಮೊದಲ ಆರೋಪಿ. ಸೈಕಲ್ ಸಾಗಿಸಿದ ಮಾದೇಶ್ ಎರಡನೆಯವನು. ಬ್ರೋಶರ್ ಬದಲಾಗಲಿಲ್ಲ.

ಮಾರನೇ ಬೆಳಗ್ಗೆ ನಾನು ಬೈಕ್ ತರಲು ಅಲ್ಲಿಗೆ ಹೋದೆ. ಕಾರು ಉರಿದ ಕಪ್ಪು ಕಲೆಯ ಮೇಲೆ ಪಕ್ಕದ ಹೊಲದವರು ಹುರುಳಿ ಹರಡುತ್ತಿದ್ದರು.