ಕೇತಿಮಯ್ಯನ ತೀರ್ಪು

ವರದೆಯ ತೀರದ ಮಣಿಕಟ್ಟೆ ರಾಜಧಾನಿ ಅಂದು ವಸಂತೋತ್ಸವದ ಸಡಗರದಲ್ಲಿ ಮುಳುಗಿತ್ತು. ಬೀದಿಬೀದಿಗಳಲ್ಲಿ ಮಾವಿನ ತಳಿರಿನ ತೋರಣ, ಉಪ್ಪರಿಗೆಗಳ ಮೇಲೆ ಕುಂಕುಮವರ್ಣದ ಪತಾಕೆಗಳು, ಅರಮನೆಯ ನಾಟ್ಯಮಂಟಪದ ಸುತ್ತ ಸುಡುಬಿಸಿಲನ್ನೂ ಲೆಕ್ಕಿಸದೆ ನೆರೆದ ಪುರಜನ. ಆದರೆ ಆಸ್ಥಾನದ ನಾಟಕಪರೀಕ್ಷಕನಾದ ವೃದ್ಧ ಕೇತಿಮಯ್ಯನಿಗೆ ಆ ಸಡಗರದಲ್ಲಿ ಮನಸ್ಸಿರಲಿಲ್ಲ.

ಆತನ ಶಿಷ್ಯ ಸೋವರಸ ರಚಿಸಿದ, ಅಂದು ಆಡಲಿದ್ದ ಪ್ರಹಸನದಲ್ಲಿ ದ್ವಾರಪಾಲಕನೊಬ್ಬ ತನ್ನ ಅರಸನನ್ನೇ ಕೋಣೆಯಲ್ಲಿ ಕೂಡಿಹಾಕಿ, ರಾಜಮುದ್ರೆ ಹಿಡಿದು ನಾಡಾಳುತ್ತಿದ್ದ. ಆ ದ್ವಾರಪಾಲಕ ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಅನಾರೋಗ್ಯದ ನೆವದಿಂದ ಮಹಾರಾಜ ಭುವನಮಲ್ಲನನ್ನು ಮೂರು ವರ್ಷ ಹೊರಬಿಡದಿದ್ದ ದಂಡನಾಯಕ ಬೀಚರಸ, ಉತ್ಸವದ ಕಾರಣ ಅಂದು ಆತನನ್ನು ಸಿಂಹಾಸನದಲ್ಲಿ ಕೂರಿಸಿ, ತಾನೂ ಪಕ್ಕದಲ್ಲೇ ಕುಳಿತಿದ್ದ.

ಮೊದಲೆರಡು ಅಂಕಗಳಿಗೆ ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮೂರನೆಯ ಅಂಕದಲ್ಲಿ ನಾಟಕದ ಅರಸ ಒಳಗಿನಿಂದ ಬಾಗಿಲು ತಟ್ಟಿದ, ತೆರೆಯುವವರಿಲ್ಲ. ಸೇವಕರೆಲ್ಲ ಕಿವುಡರಂತೆ ನಟಿಸಿ ವಿಕಟವಾಗಿ ಕುಣಿದರು. ಅಲ್ಲಿ ನಗು ಉಕ್ಕಬೇಕಿತ್ತು. ಯಾರೂ ನಗಲಿಲ್ಲ. ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೀಚರಸ ಎದ್ದು ಸಾರಿದ: ಪ್ರಹಸನ ಗೆದ್ದಿದ್ದರೆ ಅದು ರಾಜದ್ರೋಹ, ಕವಿಗೆ ಶೂಲ, ಸೋತಿದ್ದರೆ ಬರಿಯ ಹುಚ್ಚುಮಾತು, ಕವಿಗೆ ಕ್ಷಮೆ. ತೀರ್ಪು ಕೇತಿಮಯ್ಯನದು.

ಸೋತಿತೆಂಬ ಒಂದು ಮಾತಿಗೆ ಶಿಷ್ಯ ಉಳಿಯುತ್ತಿದ್ದ, ತಾನೂ ಉಳಿಯುತ್ತಿದ್ದ. ಆದರೆ ಸಭೆ ಕಂಡ ಸತ್ಯ ಹುಚ್ಚುಮಾತಾಗಿಬಿಡುತ್ತಿತ್ತು. ಕೇತಿಮಯ್ಯ ತಲೆಯೆತ್ತಿ ಅರಸನನ್ನು ನೋಡಿದ. ಅರಸನ ಕಣ್ಣು ರಂಗದ ಮೇಲಿನ ಮುಚ್ಚಿದ ಬಾಗಿಲಿನಲ್ಲೇ ನೆಟ್ಟಿತ್ತು.

"ದಂಡನಾಯಕರೇ, ಪ್ರಹಸನ ಸೋತಿದೆ" ಎಂದ. ಬೀಚರಸ ಮುಗುಳ್ನಕ್ಕ. ವೃದ್ಧ ಅರಸನತ್ತ ತಿರುಗಿ ಮುಂದುವರಿಸಿದ: "ನಗಿಸುವುದು ಪ್ರಹಸನದ ಧರ್ಮ. ಮೂರನೆಯ ಅಂಕದಲ್ಲಿ ಯಾರೂ ನಗಲಿಲ್ಲ. ಕಣ್ಣೆದುರಿನ ನಿಜವನ್ನು ಕಂಡು ನಗುವುದು ನಮ್ಮಿಂದಾಗಲಿಲ್ಲ. ಮಹಾಪ್ರಭುಗಳು ಈ ಪ್ರಜೆಗಳನ್ನು ಕ್ಷಮಿಸಬೇಕು."

ಎಲ್ಲರೆದುರು ಕೊಟ್ಟ ಮಾತನ್ನು ನುಂಗಲಾರದೆ ಬೀಚರಸ ಸೋವರಸನನ್ನು ಬಿಟ್ಟ. ಕೇತಿಮಯ್ಯನಿಗೆ ಗಿರಿದುರ್ಗದಲ್ಲಿ ಸಾಯುವತನಕ ಸೆರೆ ವಿಧಿಸಿದ. ಮಹಾರಾಜ ಏನೋ ಹೇಳಲು ಎದ್ದ. ಭಟರು ವಿನಯದಿಂದಲೇ ಆತನ ತೋಳು ಹಿಡಿದು ಒಳಗೆ ಕರೆದೊಯ್ದರು. ಪುರಜನ ತಲೆ ತಗ್ಗಿಸಿ ಚದುರಿದರು.

ಕೋಟೆಯ ಹೆಬ್ಬಾಗಿಲಲ್ಲಿ ಸೋವರಸ ಗುರುವಿನ ಕಾಲು ಹಿಡಿದ. "ನನ್ನಿಂದ ನಿಮಗೆ ಈ ಗತಿ ಬಂತು, ಗುರುಗಳೇ. ನಾಟಕ ನಿಜವಾಗಿಯೂ ಸೋತಿತೆ?"

"ಸೋತಿತಪ್ಪಾ. ಗೆದ್ದಿದ್ದರೆ ಅಷ್ಟು ಜನರಲ್ಲಿ ಒಬ್ಬನಾದರೂ ಎದ್ದು ಅರಸನ ಪಕ್ಕ ನಿಲ್ಲುತ್ತಿದ್ದ."

"ನೀವು ನಿಂತಿರಲ್ಲ" ಎಂದ ಸೋವರಸ.

ಕೇತಿಮಯ್ಯ ಸಂಕೋಲೆ ತೊಟ್ಟ ಕೈಗಳನ್ನು ಶಿಷ್ಯನ ತಲೆಯ ಮೇಲಿಟ್ಟು, ಬಳಿಕ ಭಟರ ನಡುವೆ ಬೆಟ್ಟದ ಹಾದಿ ಹಿಡಿದ. ಮಣಿಕಟ್ಟೆಯವರು ಆತನನ್ನು ಮತ್ತೆ ಕಾಣಲಿಲ್ಲ.