ಅಮರೇಶ್ವರಿ ಓದಿ ನಿಲ್ಲೋ ಜಾಗ

“ಆ ಪುಸ್ತಕದ ಮಾತು ಸಾಕು ಮಾಡ್ರಿ ಮೇಡಂ,” ಅಂತ ಹಿಂದಿನ ಸಾಲಿನಿಂದ ಒಬ್ಬಾಂವ ಅಂದಾಗ ನನಗ ಮೈಯೆಲ್ಲ ಉರೀತು.

ಸಿಂಧನೂರಿನ ಓದುಗರ ಬಳಗದಾಗ ಅವತ್ತು ‘ಬಾಡಿಗಿ ಮೀಸಿ’ ಕಾದಂಬರಿ ಬಗ್ಗೆ ಚರ್ಚೆ. ಬರದಾಕಿ ಅಮರೇಶ್ವರಿ, ಇದೇ ಊರಾಕಿ, ಎರಡು ವರ್ಷದ ಹಿಂದ ಜ್ವರ ಬಂದು ತೀರಿಕೊಂಡಾಳ. ಕಥಿ ಇಷ್ಟು: ಊರಿನ ಗಂಡಸರೆಲ್ಲ ಯುದ್ಧಕ್ಕ ಅಂಜಿ ಜ್ವಾಳದ ಕಣಜದಾಗ ಅಡಗಿ ಕುಂತಾಗ, ಹೆಂಗಸರು ಒಬ್ಬ ಮಂತ್ರವಾದಿ ಹತ್ರ ಮೀಸಿ ಬಾಡಿಗಿ ತಂದು ಹಚ್ಚಿಕೊಂಡು ಸಿಪಾಯಿ ಆಗ್ತಾರ. ಹಚ್ಚಿದ ಮ್ಯಾಲ ಮೀಸಿಗಳೇ ಮಾತಾಡಾಕ ಶುರು ಮಾಡ್ತಾವ, ಚಹಾ ಕೇಳ್ತಾವ, ಹುಕುಂ ಬಿಡ್ತಾವ. ಓದಿದವರೆಲ್ಲ ಹುಡುಗಾಟಿಕಿ ಅಂದ್ರು. ಲಿಂಗಸುಗೂರು ಕಾಲೇಜಿನಾಗ ಕನ್ನಡ ಕಲಿಸೋ ನಾ, ದಾನೇಶ್ವರಿ, ಒಬ್ಬಾಕಿನೇ ಅದರ ಪರ.

“ಬಯಲಾಟದಾಗ ಗಂಡಸರು ಸೀರಿ ಉಟ್ಟು ಬಂದ್ರ ಸೀಟಿ ಹೊಡೀತೀರಿ. ಹೆಣ್ಮಕ್ಕಳು ಮೀಸಿ ಹಚ್ಚಿದ್ರ ಹೊಟ್ಟ್ಯಾಗ ಖಾರ ಕಲಸಿದಂಗ ಯಾಕ ಆಗ್ತೈತ್ರಿ?” ಅಂದೆ. “ನಿಮಗ ನಗಾಕ ಬರಲ್ಲಂದ್ರ ಅದು ಪುಸ್ತಕದ ತಪ್ಪಾ?”

ಅಂವ ಎದ್ದು ಹೋದ. ಬಳಗ ನಡೆಸೋ ಖಾದರಬಾಷಾ ಸರ್ ಮೆಲ್ಲಕ, “ಅಂವ ಚನ್ನವೀರ. ಅಮರೇಶ್ವರಿ ಗಂಡ,” ಅಂದ್ರು. ಅಯ್ಯ ಶಿವನೇ! ಭೂಮಿ ಬಾಯಿ ಬಿಡಬಾರದಾ ಅನಿಸ್ತು.

ಮರುದಿನ ಚನ್ನವೀರ ಅವರ ಬೀಜ-ಗೊಬ್ಬರದ ಅಂಗಡಿಗೆ ಹೋಗಿ ಮಾಫಿ ಕೇಳಿದೆ. ನನ್ನ ಕಡೆ ನೋಡದೇ ತಕ್ಕಡಿ ಒರೆಸಿಕೋತ ನಿಂತ್ರು.

“ಬೈದದ್ದು ಛಲೋ ಆತ್ರಿ. ಆಕಿ ಪರವಾಗಿ ಜಗಳ ಆಡಿದವರು ಇಲ್ಲೀತನಕ ಯಾರೂ ಇದ್ದಿಲ್ಲ.”

ಆಮ್ಯಾಲ ನೋಡಿದ್ರು. ನಿದ್ದಿ ಇಲ್ಲದ ಕಣ್ಣು. ಆದ್ರೂ ಏನ್ ಚೆಂದ ಇದ್ದುವು ಅಂತೀರಿ!

ಹಂಗ ಮಸ್ಕಿಯಾಗ ಸಿಗಾಕ ಶುರು ಮಾಡಿದ್ವಿ. ನನ್ನ ಊರಿಗೂ ಅವರ ಊರಿಗೂ ಅದು ನಡುವ. ಬಸ್ ಸ್ಟ್ಯಾಂಡ್ ಹತ್ರದ ಹೋಟೆಲಿನಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ, ಚಹಾ.

“ಮಿರ್ಚಿ ಖಾರ ಐತೇನು?” ಅಂತ ಅವರು.

“ನನಗಿಂತ ಕಡಿಮಿ.”

ತುಟಿ ಅಂಚು ಒಂಚೂರು ಅಲುಗಾಡ್ತು. ನಗು ಅಲ್ಲಿಗೇ ನಿಂತು ಹೋತು. ಆ ತುಟಿ ನೋಡಿಕೋತ ನಾ ನನ್ನ ಬಸ್ ಬಿಟ್ಟೆ.

ಒಂದು ಸಂಜಿ ತಾವಾಗೇ ಹೇಳಿದ್ರು. “ಬರದದ್ದೆಲ್ಲ ನನಗ ಓದಿ ತೋರಸ್ತಿದ್ಲು. ನಗೋ ಜಾಗ ಬಂದ್ರ ನಿಲ್ತಿದ್ಲು, ನನ್ನ ಮುಖ ನೋಡ್ತಿದ್ಲು. ನಾ ಒಮ್ಮೆನೂ ನಗಲಿಲ್ಲ. ಮಂದಿ ಏನಂತಾರೋ ಅನ್ನೋದೇ ಚಿಂತಿ ನನಗ. ಈಗ ದಿನಾ ಅಡಗಿಮನಿಯಿಂದ ಆಕಿ ದನಿ ಕೇಳ್ತೈತಿ, ದಾನೇಶ್ವರಿ. ಓದ್ತಾಳ. ನಿಲ್ತಾಳ. ಕಾಯ್ತಾಳ.”

ಅಂಜಿದೆ, ಸುಳ್ಳ್ಯಾಕ ಹೇಳ್ಲಿ. ಹೊಟ್ಟಿಕಿಚ್ಚೂ ಆತು. ಈ ಮನುಷ್ಯಾನ ನಾ ಜೀವಕ್ಕ ಹಚ್ಚಿಕೊಂಡಿದ್ದೆ, ಅವರ ಕಿವಿ ಪೂರಾ ಆಕಿ ಕಡೆ ಇತ್ತು.

ಲಗ್ನದ ಮಾತು ಎತ್ತಿದವರು ಅವರ ತಾಯಿ ಜಂಬಮ್ಮ. ಮನಿಗೆ ಕರೆಸಿ ಕುಂದ್ರಿಸಿ, ಹೆಣ್ಣಿನ ಮುಖ ಒತ್ತಿದ ಸಣ್ಣ ಬಂಗಾರದ ಪದಕ ಕೈಯಾಗ ಇಟ್ರು.

“ಎರಡನೇಕಿ ಆಗಿ ಬರಾಕಿ ಮೊದಲನೇಕಿ ಹೆಸರಿಲೆ ಇದನ್ನ ಕೊಳ್ಳಾಗ ಕಟ್ಟಿಕೋಬೇಕವ್ವಾ. ಸತ್ತಾಕಿ ಸುಮ್ಮನಾಗ್ತಾಳ, ಕಾಡಲ್ಲ. ಮಾರಾಟ ಆಗದ ಉಳಿದ ಆಕಿ ಪುಸ್ತಕದ ಗಂಟೂ ರದ್ದಿಗೆ ಹಾಕಿಬಿಡೋಣು.”

ಚನ್ನವೀರ ಅವರ ಕಡೆ ನೋಡಿದೆ. “ನೀವೇನಂತೀರಿ?”

“ನನಗ ಒಂದಿನ ನಿದ್ದಿ ಬೇಕು,” ಅಂದ್ರು, ತಲಿ ಎತ್ತಲಿಲ್ಲ. “ಆ ಪುಸ್ತಕ ಬಿಟ್ಟುಬಿಡು. ನಾ ಪೂರಾ ನಿನ್ನಾಂವ ಆಗ್ತೀನಿ.”

ಹೂಂ ಅನ್ನೋ ಮಾತು ನಾಲಿಗಿ ತುದಿಗೆ ಬಂದಿತ್ತು. ಇದನ್ನೇ ಅಲ್ಲೇನು ನಾ ಬೇಡಿಕೊಂಡದ್ದು? ಅಡಗಿಮನಿ ಬಾಗಲದ ಕಡೆ ಕಣ್ಣು ಹೋತು. ಅಲ್ಲಿ ಯಾರೂ ಇದ್ದಿಲ್ಲ. ಆದ್ರ ಯಾರೋ ಕಾಯಾಕತ್ತಾರ ಅಂತ ನನಗೂ ಅನಿಸ್ತು.

“ಪುಸ್ತಕ ರದ್ದಿಗೆ ಹೋದ್ರ ಅದರ ಹಿಂದ ನಾನೂ ಹೋಗ್ತೀನ್ರಿ,” ಅಂದೆ. “ಆಕಿ ಬಂಗಾರ ಕೇಳಾಕತ್ತಿಲ್ಲ. ಏನು ಕೇಳಾಕತ್ತಾಳ ಅಂತ ನಿಮಗ ಗೊತ್ತೈತಿ.”

ಬ್ಯಾಗಿನಾಗಿನ ಪುಸ್ತಕ ತಗದು ಜೋರಾಗಿ ಓದಿದೆ:

“ಜಮಾದಾರ ಗಂಗವ್ವ ಕತ್ತಿ ಹಿರಿದು ಮುಂದ ನಿಂತಳು. ಆಕಿ ಮೀಸಿ ಮೆಲ್ಲಕ ಅಂತು: ಗಂಗವ್ವಾ, ಮೂಗು ಸೋರಾಕತ್ತೈತಿ, ಕೆಳಗ ನಾ ಅದೀನಿ, ನನಗ ಥಂಡಿ ಆಗ್ತೈತಿ. ಮೊದಲು ಮೂಗು ಒರೆಸ್ಕೊ, ಆಮ್ಯಾಲ ಯುದ್ಧ ಮಾಡು.”

ನಿಲ್ಲಿಸಿದೆ. ಚನ್ನವೀರ ಅವರ ಮುಖ ನೋಡಿದೆ.

ಜಂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡ್ರು. “ಅವ್ವಯ್ಯ, ನಮ್ಮ ಮಾವನ ಮೀಸಿನೇ ಇದು!”

ಚನ್ನವೀರ ಮೊದಲು ಕೆಮ್ಮಿದಂಗ ಮಾಡಿದ್ರು. ಆಮ್ಯಾಲ ಭುಜ ಕುಣಿಯಾಕ ಹತ್ತಿದುವು. ನಕ್ಕರು, ಬಿದ್ದು ಬಿದ್ದು ನಕ್ಕರು, ಕಣ್ಣೀರು ಗದ್ದಕ್ಕ ಇಳೀತು. ಅಡಗಿಮನಿ ಕಡೆ ತಿರುಗಿ, “ಛಲೋ ಬರದೀದಿ ಅಮರೀ, ಭಾಳ ಛಲೋ ಬರದೀದಿ,” ಅಂದ್ರು.

ಆ ನಗು ನನಗ ಅಲ್ಲ, ಆಕಿಗೆ. ಗೊತ್ತಿತ್ತು. ಆದ್ರೂ ಅವರನ್ನ ಅಷ್ಟು ಪ್ರೀತಿ ನಾ ಅದಕ್ಕೂ ಮೊದಲು ಮಾಡಿದ್ದಿಲ್ಲ.

ನಾನೇ ಎದ್ದು ಜಂಬಮ್ಮನ ಮುಂದ ಕುಂತೆ.

“ಪದಕ ಕಟ್ಟಿಕೋತೀನ್ರಿ ಅತ್ತಿ,” ಅಂದೆ. “ಆದ್ರ ಸುಮ್ಮಿರು ಅಂತ ಮಾತ್ರ ಆಕಿಗೆ ಹೇಳಬ್ಯಾಡ್ರಿ.”