ಕಪ್ಪುಬಾವಿಯ ತಂತಿ

ಬಹಳ ಬಹಳ ಹಿಂದೆ, ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರೂ ತೊಟ್ಟಿಲು ಕಾಣುವ ಮೊದಲು, ಮಂದಾರಪುರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಯುದ್ಧ ಎಂಬುದೇ ಇರಲಿಲ್ಲ. ಅಕ್ಕಪಕ್ಕದ ಅರಸರಿಗೆ ಗಡಿಯ ಮೇಲೋ ಹೊಳೆಯ ನೀರಿನ ಮೇಲೋ ಜಗಳ ಬಂದರೆ ಯಾರೂ ಕತ್ತಿ ಹಿರಿಯುತ್ತಿರಲಿಲ್ಲ. ಅರಮನೆಯ ಮುಂದಿನ ಕೆಮ್ಮಣ್ಣಿನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಅಂಗಳದ ನಡುವೆ ಒಂದು ಬಲೆ. ಆಚೆ ಒಬ್ಬ, ಈಚೆ ಒಬ್ಬ. ಕೈಯಲ್ಲಿ ಬೆತ್ತ ಬಾಗಿಸಿ ಮಾಡಿದ ಚೌಕಟ್ಟು, ಅದರೊಳಗೆ ಅಡ್ಡ ಉದ್ದ ಬಿಗಿದ ತಂತಿ. ಅದಕ್ಕೆ ಅವರು ಬಲೆಗೈ ಅನ್ನುತ್ತಿದ್ದರು. ಅದರಲ್ಲಿ ಚೆಂಡನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೊಡೆಯುವುದೇ ಯುದ್ಧ. ಈಗ ನೀವು ಟೆನಿಸ್ಸು ಅಂತೀರಲ್ಲ, ಹೆಚ್ಚುಕಡಿಮೆ ಅದೇ. ಆದರೆ ಸೋತಾಗ ಬಲೆಗೈಯನ್ನು ನೆಲಕ್ಕೆ ಕುಟ್ಟಿ ಮುರಿಯುವ ಬುದ್ಧಿವಂತಿಕೆ ಮಾತ್ರ ಅವರಿಗಿರಲಿಲ್ಲ.

ಅಲ್ಲಿನ ಅರಸ ಮಂದಾರಸೇನ. ಅವನಿಗೆ ಉದಯಸೇನ ಎಂಬ ಮಗ, ಹೊನ್ನಂಬೆ ಎಂಬ ಮಗಳು. ತಾಯಿ ಇಲ್ಲದ ಮಕ್ಕಳು. ತಂಗಿಗೆ ನಡೆಯಲು ಕಲಿಸಿದವನೂ ಅಣ್ಣನೇ, ಬಲೆಗೈ ಹಿಡಿಯಲು ಕಲಿಸಿದವನೂ ಅಣ್ಣನೇ. ಹೊನ್ನಂಬೆಗೆ ಅಣ್ಣ ಅಂದರೆ ಪ್ರಾಣ.

ಹೀಗಿರುವಾಗ ಒಂದು ದಿನ ನಡುಮಧ್ಯಾಹ್ನ ಆಕಾಶ ಕಪ್ಪಾಯಿತು. ಅಂಗಳದ ಆಚೆ ಬದಿಯಲ್ಲಿ ಕರಾಳಕಂಠನೆಂಬ ಮಾಂತ್ರಿಕ ಬಂದು ನಿಂತ. ತಾಳೆಮರದಷ್ಟು ಎತ್ತರ, ಹೆಗಲಲ್ಲಿ ಒಂದು ಚೀಲ. ಚೀಲದ ತುಂಬ ಚೆಂಡುಗಳು. ಆ ಚೆಂಡುಗಳು ಒಳಗಿಂದ ನರಳುತ್ತಿದ್ದವು.

"ಒಂದೇ ಆಟ" ಎಂದ ಕರಾಳಕಂಠ. "ಚೆಂಡನ್ನು ತಿರುಗಿಸಲಾಗದವನು ಸೋತ. ಗೆರೆಯಾಚೆ ಹೊಡೆದವನೂ ಸೋತ. ಸೋತವನು ಚೆಂಡಾಗಬೇಕು."

ಹೀಗೆಂದು ಅವನು ನೆಲಕ್ಕೆ ಉಗುಳಿದ. ಅಂಗಳದ ಸುತ್ತಲೂ, ಗೆರೆಗಳ ಆಚೆ, ತಳವೇ ಕಾಣದ ಗುಂಡಿ ಬಾಯಿ ತೆರೆಯಿತು.

ಅಂಗಳಕ್ಕೆ ಬಂದವನಿಗೆ ಇಲ್ಲ ಅನ್ನುವ ಪದ್ಧತಿ ಮಂದಾರಪುರಿಯಲ್ಲಿ ಇರಲಿಲ್ಲ. ಉದಯಸೇನ ಬಲೆಗೈ ಹಿಡಿದು ಇಳಿದ. ಅವನದು ಕುರಿಯ ಕರುಳಿನ ತಂತಿ. ಆ ರಾಜ್ಯದಲ್ಲಿ ಎಲ್ಲರದೂ ಅದೇ. ಜೀವ ತುಂಬಿದ ತಂತಿ, ಮುಟ್ಟಿದರೆ ಸಾಕು ಚೆಂಡು ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ಅವನಿಗೆ ಮುಳುವಾಯಿತು. ಮಾಂತ್ರಿಕ ಬಂಡೆ ಎಸೆದ ಹಾಗೆ ಹೊಡೆಯುತ್ತಿದ್ದ. ಉದಯಸೇನನೂ ಶಕ್ತಿಯೆಲ್ಲ ಹಾಕಿ ಒಂದು ಸಲ ಹೊಡೆದ. ಚೆಂಡು ಹಾರಿತು, ಗೆರೆ ದಾಟಿತು, ಗುಂಡಿಗೆ ಬಿತ್ತು. ಆ ಚೆಂಡಿನೊಳಗೆ ಯಾವ ತಾಯಿಯ ಮಗನಿದ್ದನೋ ಯಾರಿಗೆ ಗೊತ್ತು!

ಎಲ್ಲರೂ ನೋಡುತ್ತಿದ್ದಂತೆ ಉದಯಸೇನ ಕುಗ್ಗಿದ, ದುಂಡಗಾದ, ಅವನ ರುಮಾಲಿನ ಬಣ್ಣದ ಒಂದು ಕೇಸರಿ ಚೆಂಡಾದ. ಕರಾಳಕಂಠ ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡ.

"ಹುಣ್ಣಿಮೆಯ ದಿನ ಮತ್ತೆ ಬರುತ್ತೇನೆ. ಆಡುವವರಿದ್ದರೆ ಇದೇ ಚೆಂಡಲ್ಲಿ ಆಡೋಣ. ಇಲ್ಲದಿದ್ದರೆ ಊರಿಗೆ ಊರೇ ನನ್ನ ಚೀಲಕ್ಕೆ."

ಅರಸ ಕುಸಿದು ಕೂತ. ಹೊನ್ನಂಬೆ ಅಳಲಿಲ್ಲ. ಅಳುವಷ್ಟು ಬಿಡುವು ಅವಳಿಗಿರಲಿಲ್ಲ. ಅವಳು ಯೋಚಿಸಿದಳು: ನಾನು ಮೆಲ್ಲಗೆ ಹೊಡೆದರೆ ಮಾಂತ್ರಿಕ ಗೆಲ್ಲುತ್ತಾನೆ. ಜೋರಾಗಿ ಹೊಡೆದರೆ ಚೆಂಡು ಗೆರೆ ದಾಟುತ್ತದೆ, ಅಣ್ಣ ಗುಂಡಿಗೆ ಬೀಳುತ್ತಾನೆ. ಎಷ್ಟು ಜೋರಾಗಿ ಹೊಡೆದರೂ ಚೆಂಡು ಒಳಗೇ ಬೀಳುವಂಥ ತಂತಿ ಲೋಕದಲ್ಲಿ ಎಲ್ಲಿದೆ?

"ಅಪ್ಪಾಜಿ, ನಿಮಗೇನಾದರೂ ಗೊತ್ತಾ?" ಎಂದು ಕೇಳಿದಳು.

"ಬರಡುಬೆಟ್ಟದ ಹಿಂದೆ ಕಪ್ಪುಬಾವಿ ಅಂತ ಇದೆಯಂತೆ ಮಗಳೇ. ಅಲ್ಲೊಬ್ಬ ಅಜ್ಜಿ ಎಂಥದೋ ತಂತಿ ನೂಲುತ್ತಾಳಂತೆ. ಹೋದ ರಾಜಕುಮಾರರೆಲ್ಲ ಬರಿಗೈಯಲ್ಲಿ ಬಂದರು. ಯಾಕೆ ಅಂತ ಒಬ್ಬನೂ ಬಾಯಿ ಬಿಡಲಿಲ್ಲ."

ಹೊನ್ನಂಬೆ ತನ್ನ ಬಲೆಗೈಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಹುಲ್ಲೂ ಹುಟ್ಟದ ಬೆಟ್ಟ ಹತ್ತಿದಳು, ಇಳಿದಳು. ಅಲ್ಲಿ ಕಂಡಳು ನೋಡಿ ಕಪ್ಪುಬಾವಿಯನ್ನು! ಅದರಲ್ಲಿ ನೀರಿಲ್ಲ, ಎಣ್ಣೆ. ಕಾಡಿಗೆಗಿಂತ ಕಪ್ಪಾದ ಎಣ್ಣೆ ಬೆಂಕಿಯಿಲ್ಲದೆ ಕುದಿಯುತ್ತಿತ್ತು. ಬಾವಿಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಅವಳ ಬಿಳಿಗೂದಲು ಬಾವಿಯ ಆಳದವರೆಗೂ ಇಳಿದಿತ್ತು. ಅಜ್ಜಿ ಬಾವಿಯ ಹಬೆಯೊಳಗೆ ಎರಡು ಬೆರಳು ಇಟ್ಟು ಎಳೆದಳು. ಕಪ್ಪು ಹಬೆ ಎಳೆಯಾಯಿತು, ಎಳೆ ತಂತಿಯಾಯಿತು, ತಂತಿ ನವಿಲಿನ ಕೊರಳಿನ ಹಾಗೆ ಹೊಳೆಯಿತು. ಹೊನ್ನಂಬೆ ಉಸಿರಾಡುವುದನ್ನೂ ಮರೆತು ನಿಂತಳು.

"ಬಾ ಮಗಳೇ" ಎಂದಳು ಅಜ್ಜಿ. "ಇದು ಕುರಿಯದ್ದಲ್ಲ, ರೇಷ್ಮೆಹುಳದ್ದಲ್ಲ, ಹತ್ತಿಯದ್ದೂ ಅಲ್ಲ. ಮನುಷ್ಯರು ಹುಟ್ಟೋದಕ್ಕೆ ಮುಂಚೆ ಸತ್ತು ಭೂಮ್ತಾಯಿ ಹೊಟ್ಟೆ ಸೇರಿದ ಜೀವಗಳ ರಸ ಇದು."

"ತಂತಿ ಒಳ್ಳೇದಾ ಅಜ್ಜಿ?"

"ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನನ್ನೇನು ಕೇಳ್ತೀಯ? ಆಡಿ ನೋಡು, ನೀನೇ ಹೇಳು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸುಳ್ಳು ಹೊಗಳಿಕೆ ಕಿವಿಗೆ ಬಿದ್ದರೆ ಈ ತಂತಿ ಕರಗಿ ಬಾವಿ ಸೇರುತ್ತೆ."

ಬಾವಿಯ ಹಿಂದೆ ಒಂದು ಅಂಗಳವಿತ್ತು. ಮೊದಲ ದಿನ ಅಲ್ಲಿಗೆ ಒಂದು ಕಲ್ಲಾನೆ ಬಂತು. ಸೊಂಡಿಲಲ್ಲಿ ಬಲೆಗೈ ಹಿಡಿದಿತ್ತು. ಹೊನ್ನಂಬೆ ಹೊಸ ತಂತಿಯನ್ನು ತನ್ನ ಬಲೆಗೈಗೆ ಕಟ್ಟಿದಳು. ಹೇಗೆ ಕಟ್ಟಿದಳು? ಮಂದಾರಪುರಿಯವರು ಕಟ್ಟುವ ಹಾಗೆ, ಕಾಲು ಕೊಟ್ಟು ಎಳೆದು, ಬೆರಳು ತಾಗಿದರೆ ಕಿಣಿಕಿಣಿ ಅನ್ನುವಷ್ಟು ಬಿಗಿಯಾಗಿ. 'ಬಿಗಿದಷ್ಟೂ ಬಲ' ಎಂದು ಆ ಊರಿನಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಕಲ್ಲಾನೆ ಹೊಡೆಯಿತು. ಹೊನ್ನಂಬೆ ತಡೆದಳು. ಕೈ ಜುಮ್ಮೆಂದು ಮೊಣಕೈಯಿಂದ ಹೆಗಲವರೆಗೂ ಬೆಂಕಿ ಹತ್ತಿತು. ಚೆಂಡು ಬಲೆಯನ್ನೂ ದಾಟದೆ ಕಾಲ ಬುಡದಲ್ಲೇ ಬಿತ್ತು. ಆದರೆ ತಂತಿ ಹರಿದಿರಲಿಲ್ಲ. ಕರುಳಿನ ತಂತಿಯಾಗಿದ್ದರೆ ಆ ಏಟಿಗೆ ಚಿಂದಿಯಾಗುತ್ತಿತ್ತು.

"ಹೇಗಿದೆ ಮಗಳೇ ತಂತಿ?" ಎಂದು ಕೇಳಿದಳು ಅಜ್ಜಿ.

ಹೊನ್ನಂಬೆಗೆ ಭಯವಾಯಿತು. ಅಜ್ಜಿಗೆ ಬೇಜಾರಾಗಿ ಓಡಿಸಿಬಿಟ್ಟರೆ? "ತುಂಬ ಚೆನ್ನಾ..." ಎಂದು ಬಾಯಿ ತೆರೆದಳು. ಅಷ್ಟಕ್ಕೇ ತಂತಿಯ ತುದಿ ಬೆವರಿ ಒಂದು ತೊಟ್ಟು ಎಣ್ಣೆ ನೆಲಕ್ಕೆ ಬಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು.

"ಗಟ್ಟಿ ಇದೆ ಅಜ್ಜಿ, ಆದರೆ ಬಲು ಮೊಂಡು. ಚೆಂಡು ಚಿಮ್ಮೋದೇ ಇಲ್ಲ. ನನ್ನ ಮೊಣಕೈ ಸೀಳಿ ಹೋಗ್ತಿದೆ."

"ಹೌದಾ? ಮೊಂಡು ಅಂತ ಗೊತ್ತಾದ ಮೇಲೂ ಹಾಗೇ ಬಿಗೀತೀಯಾ?" ಎಂದು ನಕ್ಕಳು ಅಜ್ಜಿ.

ಆಗ ಹೊನ್ನಂಬೆಗೆ ಹೊಳೆಯಿತು. ಕರುಳು ಮೆದು, ಅದನ್ನು ಬಿಗಿಯಬೇಕು. ಇದು ಹುಟ್ಟಾ ಬಿರುಸು, ಇದನ್ನೂ ಹಾಗೆ ಬಿಗಿದರೆ ಕಲ್ಲಿಗೆ ಕಲ್ಲು ಕಟ್ಟಿದ ಹಾಗೆ. ತಂತಿ ಬಿಚ್ಚಿ ಸಡಿಲವಾಗಿ ಕಟ್ಟಿದಳು. ಈ ಸಲ ಆನೆಯ ಹೊಡೆತ ಕೈಗೆ ಅಷ್ಟು ತಾಗಲಿಲ್ಲ, ಚೆಂಡು ಬಲೆ ದಾಟಿತು. ಕಲ್ಲಾನೆ ತಲೆಬಾಗಿ ಹೊರಟುಹೋಯಿತು.

ಎರಡನೆಯ ದಿನ ಬಂಗಾರದ ಮೈಯ, ಉದ್ದ ಬಾಲದ ಒಂದು ಮುಸುವ ಕೋತಿ ಬಂತು. ಅದು ಚೆಂಡನ್ನು ಈ ಮೂಲೆಗೆ ಹೊಡೆಯುತ್ತದೆ, ಹೊನ್ನಂಬೆ ಓಡಬೇಕು. ಆ ಮೂಲೆಗೆ ಹೊಡೆಯುತ್ತದೆ, ಮತ್ತೆ ಓಡಬೇಕು. ಹೊರಗೆ ಹೋದೀತೆಂದು ಹೆದರಿ ಅವಳು ಮೆಲ್ಲಗೆ ಹೊಡೆದರೆ ಚೆಂಡು ಗಿಡ್ಡವಾಗಿ ಬೀಳುತ್ತದೆ, ಮುಸುವ ಹಲ್ಲು ಕಿರಿಯುತ್ತದೆ. "ರಾಜಕುಮಾರಿ ಚೆಂಡಿಗೆ ಜೋಗುಳ ಹಾಡ್ತಿದ್ದಾಳೆ!" ಎಂದು ಅಣಕಿಸಿತು.

ಹೊನ್ನಂಬೆಗೆ ಎಲ್ಲಿತ್ತೋ ಸಿಟ್ಟು! ಹೋದರೆ ಹೋಗಲಿ ಎಂದು ಬಲೆಗೈಯನ್ನು ಕೆಳಗಿಂದ ಮೇಲಕ್ಕೆ ಪೂರ್ತಿ ಬೀಸಿದಳು. ತಂತಿಗಳು ಒಂದರ ಮೇಲೊಂದು ಸರಕ್ಕನೆ ಸರಿದವು, ಚೆಂಡನ್ನು ಕಚ್ಚಿದವು, ಅಷ್ಟೇ ಬೇಗ ತಮ್ಮ ಜಾಗಕ್ಕೆ ಹಾರಿದವು. ಚೆಂಡು ಬುಗುರಿಯ ಹಾಗೆ ಗಿರ್ರನೆ ತಿರುಗುತ್ತಾ, ದುಂಬಿಯ ಹಾಗೆ ಗುಂಯ್‌ಗುಡುತ್ತಾ ಮೇಲೇರಿತು. ಇನ್ನೇನು ಗೆರೆ ದಾಟಿತು ಅನ್ನುವಾಗ, ಯಾರೋ ಹೆಸರು ಹಿಡಿದು ಕರೆದಂತೆ ಬಾಗಿ ಇಳಿದು ಒಳಗೇ ಬಿತ್ತು. ಬಿದ್ದದ್ದು ಮುಸುವನ ತಲೆಯ ಮೇಲಿಂದ ನೆಗೆಯಿತು. ಮುಸುವ ಬಾಯಿ ಮುಚ್ಚಿಕೊಂಡಿತು. ಹೊನ್ನಂಬೆಯ ಮೈಯೆಲ್ಲ ರೋಮಾಂಚನ.

"ಹೇಗಿದೆ ಮಗಳೇ ತಂತಿ?"

"ಅಜ್ಜೀ, ಇದು ಹೆದರಿದವರ ಕೈಯಲ್ಲಿ ಬರೀ ಕಟ್ಟಿಗೆ! ಪೂರ್ತಿ ಬೀಸಿದರೆ ಮಾತ್ರ ಮಾತು ಕೇಳುತ್ತೆ. ಎಷ್ಟು ಜೋರಾಗಿ ಬೀಸ್ತೀನೋ ಅಷ್ಟು ಒಳಗೆ ಬೀಳುತ್ತೆ. ಇಂಥದ್ದನ್ನು ನಾನು ಕಂಡೇ ಇಲ್ಲ."

ಮೂರನೆಯ ದಿನವೂ ಬೆಳಿಗ್ಗೆ ಹೊನ್ನಂಬೆ ಹೊಸ ತಂತಿ ಕಟ್ಟಿಕೊಂಡಳು. ಅಂದು ಒಂದು ಮುದಿ ಆಮೆ ಬಂತು. ಅದಕ್ಕೆ ಅವಸರವೇ ಇಲ್ಲ. ಹೊಡೆದದ್ದನ್ನೆಲ್ಲ ನಿಧಾನವಾಗಿ ತಿರುಗಿಸುತ್ತದೆ, ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಬೆಳಿಗ್ಗೆ ಶುರುವಾದ ಆಟ ಮಧ್ಯಾಹ್ನವಾದರೂ ಮುಗಿಯಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ತಂತಿಯ ದನಿ ಇಳಿಯಿತು. ಬೆಳಗಿನ ಹಾಗೇ ಬೀಸಿದರೂ ಚೆಂಡು ಬಾಗಲು ಒಲ್ಲೆ ಅಂದಿತು. ಸಂಜೆಗೆ ಚೆಂಡು ಗೆರೆಯಾಚೆ ಬಿತ್ತು.

"ಹೇಗಿದೆ ಮಗಳೇ ತಂತಿ?"

ಹೊನ್ನಂಬೆಯ ಕಣ್ಣಲ್ಲಿ ನೀರು ಬಂತು. ನಿನ್ನೆ ಅಷ್ಟು ಮೆಚ್ಚಿದ ತಂತಿ. ಆದರೂ ನಿಜ ಹೇಳಿದಳು: "ಬೆಳಿಗ್ಗೆ ಹುಲಿ, ಸಂಜೆಗೆ ಹಳೇ ಹಗ್ಗ. ಹರಿದಿಲ್ಲ ಅಜ್ಜಿ, ನೋಡೋಕೆ ಹಾಗೇ ಹೊಳೀತಿದೆ. ಆದರೆ ಒಳಗೆ ಸತ್ತುಹೋಗಿದೆ."

ಅಜ್ಜಿ ಎದ್ದು ಬಂದು ಅವಳ ಕೆನ್ನೆ ಸವರಿದಳು. "ಬಂದವರೆಲ್ಲ ಬಾಯ್ತುಂಬ ಹೊಗಳಿ, ಎಣ್ಣೆಗೈ ಒರೆಸಿಕೊಂಡು ಹೋದರು. ನನ್ನ ತಂತಿಯ ಗುಣ ಹೇಳಿದವರು ಬೇಕಾದಷ್ಟು ಜನ. ಅವಗುಣ ಹೇಳಿದವಳು ನೀನೊಬ್ಬಳೇ. ತಗೋ ಈ ಹೊಸ ಸುರುಳಿ, ಒಂದು ಬಲೆಗೈಗೆ ಸಾಕಾಗುವಷ್ಟಿದೆ."

ಹೊನ್ನಂಬೆ ಸುರುಳಿ ಹಿಡಿದು ಊರಿಗೆ ಬಂದಳು. ಹುಣ್ಣಿಮೆಗೆ ಒಂದು ದಿನ ಉಳಿದಿತ್ತು. ಅಲ್ಲಿ ಇನ್ನೊಂದು ಕಷ್ಟ ಕಾದಿತ್ತು. ಆಟದ ಹಿಂದಿನ ದಿನವೇ ತಂತಿ ಬಿಗಿದು, ಬಲೆಗೈಯನ್ನು ದೇವಿಯ ಮುಂದಿಟ್ಟು ಪೂಜಿಸುವುದು ಮಂದಾರಪುರಿಯ ಪದ್ಧತಿ. ಹೊನ್ನಂಬೆ ಒಪ್ಪಲಿಲ್ಲ.

"ಅಪ್ಪಾಜಿ, ಇದನ್ನು ಕಟ್ಟಿದ ಗಳಿಗೆಯಿಂದಲೇ ಇದರ ಆಯುಸ್ಸು ಸವೆಯೋಕೆ ಶುರು. ಮಾಂತ್ರಿಕ ಅಂಗಳದಲ್ಲಿ ಕಾಲಿಟ್ಟ ಮೇಲೇ ಕಟ್ಟಬೇಕು."

ಅರಸನಿಗೆ ಇಕ್ಕಟ್ಟಾಯಿತು. ಹಿರಿಯರು ಹಾಕಿದ ಪದ್ಧತಿ ಒಂದು ಕಡೆ, ಇದ್ದೊಬ್ಬ ಮಗಳು ಇನ್ನೊಂದು ಕಡೆ. ಕೊನೆಗೆ, "ಸುರುಳಿಯನ್ನೇ ದೇವಿಯ ಪಾದದಲ್ಲಿಡೋಣ. ತಾಯಿಗೆ ಅರ್ಥವಾಗದ್ದು ಏನಿದೆ!" ಎಂದ.

ಹುಣ್ಣಿಮೆಯ ದಿನ ಸೂರ್ಯ ಹುಟ್ಟುತ್ತಲೇ ಕರಾಳಕಂಠ ಬಂದ. ಅಂಗಳದ ಸುತ್ತ ಗುಂಡಿ ಮತ್ತೆ ಬಾಯಿ ತೆರೆಯಿತು. ಹೊನ್ನಂಬೆಯ ಕೈಯಲ್ಲಿದ್ದ ಬರಿಯ ಚೌಕಟ್ಟು ನೋಡಿ ಅವನು ಗಹಗಹಿಸಿ ನಕ್ಕ. ತಂದೆ ಮಗಳು ಅಲ್ಲೇ ಕೂತು ತಂತಿ ಕಟ್ಟತೊಡಗಿದರು. ಅರಸ ಅಭ್ಯಾಸಬಲದಿಂದ ಕಾಲು ಕೊಟ್ಟು ಎಳೆದ.

"ಸಡಿಲ ಬಿಡಿ ಅಪ್ಪಾಜಿ."

"ಇನ್ನೂ ಸಡಿಲವಾ ಮಗಳೇ?"

"ಇನ್ನೂ ಸಡಿಲ."

ಅರಸ ಮನಸ್ಸಿಲ್ಲದಿದ್ದರೂ ಇನ್ನಷ್ಟು ಸಡಿಲ ಬಿಟ್ಟ.

ಆಟ ಶುರುವಾಯಿತು. ಮಾಂತ್ರಿಕ ಚೀಲದಿಂದ ಕೇಸರಿ ಚೆಂಡನ್ನು ತೆಗೆದು ಹೊಡೆದ. ಹೊನ್ನಂಬೆಗೆ ತಂತಿಯ ಗುಟ್ಟೆಲ್ಲ ಗೊತ್ತಿತ್ತು. ಆದರೆ ಬರುತ್ತಿರುವುದು ಚೆಂಡಲ್ಲ, ಅಣ್ಣ! ಜೋರಾಗಿ ಬೀಸಲು ಅವಳ ಕೈ ಬರಲಿಲ್ಲ. ಮೆಲ್ಲಗೆ ತಡೆದಳು. "ಅಮ್ಮಾ!" ಎಂದು ಚೆಂಡು ನರಳಿತು. ಇನ್ನೂ ಮೆಲ್ಲಗೆ ತಡೆದಳು. ಚೆಂಡು ಇನ್ನೂ ನರಳಿತು. ಕರಾಳಕಂಠ ಬೆಕ್ಕು ಇಲಿಯನ್ನು ಆಡಿಸಿದಂತೆ ಅವಳನ್ನು ಆ ಮೂಲೆ ಈ ಮೂಲೆ ಓಡಿಸಿದ. ಹೊತ್ತು ನೆತ್ತಿಗೆ ಬಂತು. ತಂತಿಯ ದನಿ ಒಂದು ಎಳೆ ಇಳಿದದ್ದು ಅವಳಿಗೆ ಕೇಳಿಸಿತು. ಇನ್ನು ಸ್ವಲ್ಪ ಹೊತ್ತು ಹೋದರೆ ಈ ತಂತಿ ಯಾವ ಚೆಂಡನ್ನೂ ಒಳಗೆ ಇಳಿಸಲಾರದು. ಹೊಡೆದರೆ ಈಗ ಹೊಡೆಯಬೇಕು.

ಚೆಂಡು ಬಂತು. "ಅಣ್ಣಾ, ನನ್ನನ್ನು ಕ್ಷಮಿಸು!" ಎಂದು ಕೂಗಿ ಹೊನ್ನಂಬೆ ಮೈಯೊಳಗಿನ ಬಲವನ್ನೆಲ್ಲ ತಂದು ಕೆಳಗಿಂದ ಮೇಲಕ್ಕೆ ಬೀಸಿದಳು.

ತಂತಿಗಳು ಸರಿದವು, ಕಚ್ಚಿದವು, ಹಾರಿದವು. ಕೇಸರಿ ಚೆಂಡು ಗಿರ್ರನೆ ತಿರುಗುತ್ತಾ ಅರಮನೆಯ ಬಾವುಟಕ್ಕಿಂತ ಮೇಲೇರಿತು. ಊರೆಲ್ಲ ಅಯ್ಯೋ ಅಂದಿತು. ಅರಸ ಕಣ್ಣು ಮುಚ್ಚಿಕೊಂಡ. ಹೊರಗೆ ಬಿತ್ತು ಎಂದುಕೊಂಡ ಕರಾಳಕಂಠ ನಗುತ್ತಾ ಬಲೆಗೈ ಇಳಿಸಿದ. ಅಷ್ಟರಲ್ಲಿ ಚೆಂಡು ಬಾಗಿತು! ಗಿಡುಗ ಎರಗಿದಂತೆ ಇಳಿಯಿತು, ಗೆರೆಯ ಒಳ ಅಂಚಿಗೆ ಬಿತ್ತು. ಬಿದ್ದದ್ದೇ ತಾಳೆಮರದಷ್ಟು ಎತ್ತರದ ಆ ಮಾಂತ್ರಿಕನ ತಲೆಯ ಮೇಲಿಂದಲೂ ನೆಗೆಯಿತು. ಅವನು ಗಾಬರಿಯಿಂದ ಹಾರಿ ಕೈ ಚಾಚಿದ. ಬಲೆಗೈಗೆ ಸಿಕ್ಕಿದ್ದು ಗಾಳಿ.

ಚೆಂಡು ನೆಗೆದು ಗುಂಡಿಯ ಕಡೆ ಹೊರಟಿತ್ತು. ಆದರೆ ಮಾಂತ್ರಿಕ ಸೋತ ಆ ಗಳಿಗೆಗೇ ಮಾಯೆ ಹರಿಯಿತು. ನಡುಗಾಳಿಯಲ್ಲಿ ಚೆಂಡಿಗೆ ಕೈ ಬಂತು, ಕಾಲು ಬಂತು, ರುಮಾಲು ಬಂತು. ಉದಯಸೇನ ಗುಂಡಿಯ ಅಂಚಿನಲ್ಲಿ ದೊಪ್ಪನೆ ಬಂದು ಬಿದ್ದ. ಅತ್ತ ಕರಾಳಕಂಠ ತಾನು ಹೇಳಿದ ನಿಯಮಕ್ಕೆ ತಾನೇ ಸಿಕ್ಕಿ ಕುಗ್ಗಿದ, ದುಂಡಗಾದ, ಒಂದು ಕಪ್ಪು ಚೆಂಡಾಗಿ ಉರುಳುತ್ತಾ ಉರುಳುತ್ತಾ ಗುಂಡಿಗೆ ಬಿದ್ದ. ಗುಂಡಿ ತಾನು ಹಿಂದೆ ನುಂಗಿದವರನ್ನೆಲ್ಲ ಕಾರಿ, ಅವನೊಬ್ಬನನ್ನು ಇಟ್ಟುಕೊಂಡು ಬಾಯಿ ಮುಚ್ಚಿಕೊಂಡಿತು. ಚೀಲ ಒಡೆದು ಚೆಂಡುಗಳೆಲ್ಲ ಮನುಷ್ಯರಾದರು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ, ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಂಡು ಅಳುವವರು, ನಗುವವರು.

ಹೊನ್ನಂಬೆ ಓಡಿಹೋಗಿ ಅಣ್ಣನ ಕಾಲು ಹಿಡಿದಳು. ಅಲ್ಲಿಯವರೆಗೆ ತಡೆದಿದ್ದ ಅಳು ಈಗ ಬಂತು.

"ಅಣ್ಣಾ, ಅಷ್ಟು ಜೋರಾಗಿ ಹೊಡೆದುಬಿಟ್ಟೆ. ತುಂಬ ನೋವಾಯ್ತಾ?"

ಉದಯಸೇನ ತಂಗಿಯನ್ನು ಎತ್ತಿ ನಿಲ್ಲಿಸಿದ. "ನೀನು ಹೆದರಿ ಹೆದರಿ ತಡೆದೆಯಲ್ಲ, ಆಗೆಲ್ಲ ನೋವಾಯ್ತು. ಗೋಡೆಗೆ ಬಡಿದ ಹಾಗೆ ಇತ್ತು. ಕೊನೆಯ ಹೊಡೆತದಲ್ಲಿ ನೋವೇ ಇರಲಿಲ್ಲ ಕಣೇ. ತಿರುಗುತ್ತಾ ಮೇಲೆ ಹೋದೆ. ಊರೆಲ್ಲ ಕಂಡಿತು, ಹೊಳೆ ಕಂಡಿತು, ಅಪ್ಪಾಜಿ ಕಣ್ಣು ಮುಚ್ಚಿಕೊಂಡಿದ್ದೂ ಕಂಡಿತು. ನೀನೊಬ್ಬಳು ಮಾತ್ರ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡ್ತಿದ್ದೆ. ಒಳಗೇ ಬೀಳ್ತೀನಿ ಅಂತ ನನಗೆ ಅಲ್ಲೇ ಗೊತ್ತಾಯ್ತು."

ಅಂದು ಅರಮನೆಯಲ್ಲಿ ಊರಿಗೆಲ್ಲ ಹೋಳಿಗೆ ಊಟ. ಹೊನ್ನಂಬೆಯ ಬಲಗೈ ಊದಿಕೊಂಡು ತುತ್ತು ಎತ್ತಲಾಗಲಿಲ್ಲ. ಪಕ್ಕದಲ್ಲಿ ಕೂತ ಉದಯಸೇನ ತುಪ್ಪದಲ್ಲಿ ಹೋಳಿಗೆ ಅದ್ದಿ ಅವಳ ಬಾಯಿಗಿಟ್ಟ. ಅದನ್ನು ಕಂಡು ಅರಸನ ಹೊಟ್ಟೆ ತುಂಬಿತು. ಮಂದಾರಪುರಿಯವರು ಅಂದಿನಿಂದ ಯಾವ ಮಾಂತ್ರಿಕನ ಹೆದರಿಕೆಯೂ ಇಲ್ಲದೆ ಸುಖವಾಗಿ ಬಾಳಿದರು, ಹೊನ್ನಂಬೆಯ ಕೈ ವಾಸಿಯಾಗುವವರೆಗೂ ಅವಳಿಗೆ ಅಣ್ಣನೇ ತಿನ್ನಿಸಿದ.